ಯಾರು, ಯಾರಿಗೆ, ಎಲ್ಲಿ

ಯೋಹಾನನ ಸುವಾರ್ತೆಯ 11ನೇ ಅಧ್ಯಾಯದ 35ನೇ ವಚನ. ನಮ್ಮ ಭಾನುವಾರದ ಶಾಲೆಯ ಮಕ್ಕಳ ಲೆಕ್ಕದಲ್ಲಿ ಬೈಬಲಿನಲ್ಲಿ ಅದಕ್ಕಿಂತ ಚಿಕ್ಕ ವಚನ ಇರಲಿಲ್ಲ. ಲಾಜರನ ಸಮಾಧಿಗೆ ಹೋಗುವಾಗ ಯೇಸು ಅತ್ತದ್ದನ್ನು ಹೇಳುವ ಮಾತು ಅದು, ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಮುಗಿಯುತ್ತದೆ. ಬಾಯಿಪಾಠ ಮಾಡದೆ ಬಂದವರಿಗೆಲ್ಲ ಅದೇ ಆಸರೆ. 1974ರ ಮಳೆಗಾಲದ ಒಂದು ಭಾನುವಾರ ನಾನೂ ಎದ್ದು ನಿಂತು ಅದನ್ನೇ ಒಪ್ಪಿಸಿದೆ. ನನಗೆ ಆಗ ಹನ್ನೊಂದು ವರ್ಷ.

ಅದಕ್ಕಿಂತ ಹಿಂದಿನ ವರ್ಷ ನಮಗೆ ಕಲಿಸುತ್ತಿದ್ದವರ ಕೈಯಲ್ಲಿ ಬೆತ್ತ ಇತ್ತು. ಆ ವಚನ ಹೇಳಿದವರಿಗೆ ಅಂಗೈಗೆ ಎರಡೇಟು ಖಾಯಂ. ಹೊಸದಾಗಿ ಬಂದ ಮಾಸ್ಟ್ರು ಬೆತ್ತ ಹಿಡಿದವರಲ್ಲ. “ಸರಿಯಾಗಿ ಹೇಳಿದಿ. ಯಾಕೆ ಅತ್ತದ್ದು?” ಎಂದು ಕೇಳಿದರು.

“ಲಾಜರ ಸತ್ತದ್ದಕ್ಕೆ.”

“ಅವನನ್ನು ಎಬ್ಬಿಸ್ಲಿಕ್ಕೆ ಅಂತಲೇ ಬಂದದ್ದಲ್ವಾ? ಇನ್ನು ಸ್ವಲ್ಪ ಹೊತ್ತಿನಲ್ಲಿ ಎದ್ದು ಹೊರಗೆ ಬರ್ತಾನೆ ಅಂತ ಗೊತ್ತಿದ್ದವರು ಯಾಕೆ ಅಳ್ಬೇಕು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಕಾದರು. ಕನ್ನಡಕ ತೆಗೆದು ಮುಂಡಿನ ಅಂಚಿನಲ್ಲಿ ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ನನ್ನನ್ನೇ ನೋಡಿದರು. ಹಂಚಿನ ಮೇಲೆ ಮಳೆ ಹೊಯ್ಯುತ್ತಿತ್ತು. ಬೆಂಚಿನಲ್ಲಿದ್ದ ಹದಿನಾಲ್ಕು ಮಕ್ಕಳಲ್ಲಿ ಯಾರೂ ಮಿಸುಕಲಿಲ್ಲ. ಏಟು ತಿಂದಿದ್ದರೆ ಅಷ್ಟು ಹೊತ್ತಿಗೆ ನಾನು ಕುಳಿತು ಮರೆತೂ ಆಗಿರುತ್ತಿತ್ತು. ಕೊನೆಗೆ ಅವರೇ ಹೇಳಿದರು: “ಈ ವಾರ ಬೇಡ. ಅಧ್ಯಾಯ ಮೊದಲಿಂದ ಓದಿಕೊಂಡು ಬಾ. ಬರುವ ವಾರ ಹೇಳು.”

ಆ ಒಂದು ವಚನ ಐದು ಭಾನುವಾರ ನಡೆಯಿತು.

ಮಾಸ್ಟ್ರು ಶಾಲೆಯ ಮಾಸ್ಟ್ರಲ್ಲ. ಬಲ್ಮಠದ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಹದಿನಾಲ್ಕನೆಯ ವಯಸ್ಸಿಗೆ ಸೇರಿ, ನಲವತ್ತು ವರ್ಷ ಅಲ್ಲೇ ದುಡಿದು ಬಿಟ್ಟವರು. ಕಂಪೋಸಿಟರ್ ಎಂದು ಅವರೆಂದೂ ಹೇಳಿಕೊಂಡದ್ದು ನಾನು ಕೇಳಿಲ್ಲ, ‘ಅಕ್ಷರದ ಕೆಲಸ’ ಎನ್ನುತ್ತಿದ್ದರು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದು ಇಳಿದದ್ದು, 1841ರಲ್ಲಿ ಕಲ್ಲಚ್ಚಿನ ಪ್ರೆಸ್ಸು ಶುರುವಾದದ್ದು, 1843ರ ಜುಲೈ 1ರಂದು ಮೋಗ್ಲಿಂಗರು ‘ಮಂಗಳೂರ ಸಮಾಚಾರ’ ಹೊರಡಿಸಿದ್ದು, ಕಿಟ್ಟೆಲರ ನಿಘಂಟು 1894ರಲ್ಲಿ ಇಲ್ಲೇ ಅಚ್ಚಾದದ್ದು, ಇದೆಲ್ಲ ನನಗೆ ಮುಂದೆ ಪುಸ್ತಕಗಳಿಂದ ಗೊತ್ತಾಯಿತು. ಮಾಸ್ಟ್ರಿಗೆ ಆ ಚರಿತ್ರೆ ಮನೆಯ ಹಿರಿಯರ ಸುದ್ದಿಯಿದ್ದ ಹಾಗೆ. ಎಪ್ಪತ್ತು ಸಾವಿರ ಪದಗಳ ನಿಘಂಟು ಎಂದರೆ ನಮಗೆ ವಿದ್ವತ್ತು ಕಾಣುತ್ತದೆ. ಅವರಿಗೆ ಅಷ್ಟೂ ಪದಗಳನ್ನು ಒಂದೊಂದೇ ಮೊಳೆ ಹೆಕ್ಕಿ ಜೋಡಿಸಿದ ಕೈಗಳು ಕಾಣುತ್ತಿದ್ದವು. “ಆ ಕೈಗಳ ಹೆಸರು ಪುಸ್ತಕದಲ್ಲಿಲ್ಲ” ಎಂದು ಒಮ್ಮೆ ಹೇಳಿದರು. ದೂರಿನ ದನಿ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಒಂದು ಭಾನುವಾರ ಪೌಡರಿನ ಡಬ್ಬಿಯಲ್ಲಿ ಸವೆದ ಮೊಳೆಗಳನ್ನೂ ಕಬ್ಬಿಣದ ಒಂದು ಸ್ಟಿಕ್ಕನ್ನೂ ತಂದರು. ಸ್ಟಿಕ್ಕನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳು ಒತ್ತಿ, ಬಲಗೈಯಿಂದ ಒಂದೊಂದೇ ಮೊಳೆ ಇಟ್ಟರು. ಉಗುರಿನ ಬುಡದಲ್ಲಿ ಕಪ್ಪು ಇನ್ನೂ ಉಳಿದಿತ್ತು, ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ. ಜೋಡಿಸಿದ ಪದವನ್ನು ಓದಲು ಹೇಳಿದರು. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು, ಮೇಲಾಗಿ ತಲೆಕೆಳಗು. ನಮಗೆ ಒಬ್ಬರಿಗೂ ಓದಲಾಗಲಿಲ್ಲ. ಶಾಯಿ ಸವರಿ ಕಾಗದಕ್ಕೆ ಒತ್ತಿ ತೋರಿಸಿದರು: ಕಣ್ಣೀರು. “ಕಣ್ಣಿಗೆ ಕಾಣುವುದು ಮೂರು ಅಕ್ಷರ. ಕೈಗೆ ಸಿಗುವುದು ಐದು” ಎಂದರು. ಕ ಒಂದು. ಣಿ ಒಂದು. ಅದರ ಒತ್ತಿಗೆ ಬೇರೆ ಮೊಳೆ. ದೀರ್ಘಕ್ಕೆ ಬೇರೆ ಮೊಳೆ. ರು ಒಂದು. ಒಂದು ತಪ್ಪಿದರೂ ಪದ ಕೆಟ್ಟಿತು.

“ಮೊಳೆ ಜೋಡಿಸುವವನಿಗೆ ಅರ್ಥ ಬೇಗ ಬರಬಾರದು. ಅರ್ಥ ಮೊದಲೇ ಬಂದ್ರೆ ಕಣ್ಣು ಮುಂದೆ ಓಡ್ತದೆ. ಕಣ್ಣು ಓಡಿದ್ರೆ ಅಕ್ಷರ ಬಿಟ್ಟುಹೋಗ್ತದೆ. ಬೈಬಲ್ ಓದುವಾಗಲೂ ಹಾಗೆಯೇ. ಗೊತ್ತುಂಟು ಅಂತ ಓದಬೇಡಿ.”

ಅವರ ಪಾಠದ ಕ್ರಮ ಇಷ್ಟೇ. ಒಂದು ವಚನ ಓದಿಸುವುದು. ಇದು ಯಾರು ಹೇಳಿದ್ದು? ಯಾರಿಗೆ ಹೇಳಿದ್ದು? ಎಲ್ಲಿ ನಿಂತು ಹೇಳಿದ್ದು? ಈ ಮೂರಕ್ಕೆ ಉತ್ತರ ಬಾರದೆ ಮುಂದಿನ ವಚನವಿಲ್ಲ. ನಾವು ಕೇಳಿದ್ದು ಅವರಿಗೆ ಗೊತ್ತಿಲ್ಲದಿದ್ದರೆ, ಅಂಗಿಯ ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು ಪೆನ್ಸಿಲಿನಲ್ಲಿ ಬರೆದುಕೊಂಡು “ಬರುವ ವಾರ” ಎನ್ನುತ್ತಿದ್ದರು. ದೊಡ್ಡವರೊಬ್ಬರು ಗೊತ್ತಿಲ್ಲ ಎಂದು ಮಕ್ಕಳ ಮುಂದೆ ಹೇಳುವುದನ್ನು ನಾನು ಮೊದಲು ಕಂಡದ್ದು ಅಲ್ಲಿ. ಆ ಬರುವ ವಾರ ತಪ್ಪದೆ ಬರುತ್ತಿತ್ತು.

ಮನೆಯಲ್ಲಿ ನಮ್ಮದು ತುಳು. ಸಭೆಯಲ್ಲಿ ಕನ್ನಡ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಲ್ಲೇ ಅಚ್ಚಾಗಿತ್ತಾದರೂ ನಮ್ಮ ಕೈಗೆ ಬಂದದ್ದು ಕನ್ನಡದ್ದು, ಬೆನ್ನಿನ ಮೇಲೆ ‘ಸತ್ಯವೇದವು’ ಎಂದಿದ್ದ ಕಪ್ಪು ರಟ್ಟಿನ ಪುಸ್ತಕ. ಕನ್ನಡದಲ್ಲಿ ಇಡೀ ಬೈಬಲ್ ಮೊದಲು ಬಳ್ಳಾರಿಯಲ್ಲಿ, ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರ ಕಾಲದಲ್ಲಿ, 1831ಕ್ಕೆ ಮುಗಿಯಿತು. ಅದನ್ನು ಆಮೇಲೆ ಹಲವರು ತಿದ್ದುತ್ತ ಬಂದರು. ನಮ್ಮ ಅಜ್ಜಿಗೆ ಆ ಪುಸ್ತಕದ ಕನ್ನಡವೇ ದೇವರ ಮಾತು, ತುಳು ನಮ್ಮ ಮಾತು. ಮಾಸ್ಟ್ರು ಓದಿಸುತ್ತಿದ್ದದ್ದು ಕನ್ನಡದಲ್ಲಿ, ನಾವು ತಡವರಿಸಿದಾಗ ಕೇಳುತ್ತಿದ್ದದ್ದು ತುಳುವಿನಲ್ಲಿ. ತುಳುವಿನಲ್ಲಿ ಕೇಳಿದರೆ ಬಾಯಿಪಾಠದ ಉತ್ತರ ಬರುವುದಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಲಾಜರನ ಅಧ್ಯಾಯದಲ್ಲಿ ಮೂರನೆಯ ಭಾನುವಾರ ನಾನು ಒಂದು ಸಂಗತಿ ಹಿಡಿದೆ. ಲಾಜರನಿಗೆ ಕಾಯಿಲೆ ಎಂದು ಅಕ್ಕಂದಿರು ಹೇಳಿಕಳಿಸುತ್ತಾರೆ. ಸುದ್ದಿ ಮುಟ್ಟಿದ ಮೇಲೂ ಯೇಸು ಹೊರಡುವುದಿಲ್ಲ, ಇದ್ದಲ್ಲೇ ಎರಡು ದಿನ ಉಳಿಯುತ್ತಾನೆ. ಬೇಥಾನ್ಯಕ್ಕೆ ಬರುವಾಗ ಹೂಳಿ ನಾಲ್ಕು ದಿನವಾಗಿದೆ. “ಮಾಸ್ಟ್ರೇ, ಯಾಕೆ ತಡ ಮಾಡಿದ್ದು?” ಎಂದೆ. ಅಂದು ಅವರು ಪುಸ್ತಕ ತೆಗೆಯಲಿಲ್ಲ. “ಕಾಯಿಲೆ ವಾಸಿ ಮಾಡಿದ್ರೆ ಅದು ಸಣ್ಣದು. ಸತ್ತವನನ್ನು ಎಬ್ಬಿಸಿದ್ರೆ ದೇವರ ಮಹಿಮೆ ದೊಡ್ಡದು. ಅದಕ್ಕೆ ತಡ ಮಾಡಿದ್ದು” ಎಂದರು. ನಾನು ಒಪ್ಪಿಕೊಂಡೆ. ಉತ್ತರ ಪುಸ್ತಕದಲ್ಲೇ ಇತ್ತು. ಅದೇ ಅಧ್ಯಾಯದ ಮೊದಲಲ್ಲಿ ಮಹಿಮೆಯ ಮಾತು ಬರುತ್ತದೆ.

1976ರ ಜುಲೈಯಲ್ಲಿ ಅಪ್ಪನಿಗೆ ಕಾಮಾಲೆ ಆಯಿತು. ಅಪ್ಪ ಹಂಚಿನ ಕಾರ್ಖಾನೆಯ ಭಟ್ಟಿಯಲ್ಲಿ ಕೆಲಸಕ್ಕಿದ್ದರು, ಹಸಿ ಹಂಚು ಒಳಗೆ ಪೇರಿಸುವುದು, ಬೆಂದದ್ದನ್ನು ಹೊರಗೆ ತೆಗೆಯುವುದು. ಹಳ್ಳಿಮದ್ದು ಕೊಡಿಸುತ್ತ ಮೂರು ವಾರ ಹೋಯಿತು. ಆಸ್ಪತ್ರೆಗೆ ಕೊಂಡುಹೋಗುವಾಗ ತಡವಾಗಿತ್ತು. ಐದನೆಯ ದಿನ ಮನೆಗೆ ತಂದರು.

ಮಣ್ಣಾದ ಮೇಲೆ ಬಂದವರೆಲ್ಲ ದೇವರ ಚಿತ್ತ ಎಂದರು. ದೇವರಿಗೆ ಬೇಕಾದವರನ್ನು ಬೇಗ ಕರೆದುಕೊಳ್ಳುತ್ತಾನೆ ಎಂದರು. ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಸಾವಿನ ಮನೆಯಲ್ಲಿ ಏನು ಹೇಳುವುದೆಂದು ತಿಳಿಯದೆ ಇದ್ದ ಮಾತನ್ನು ಹೇಳಿದರು. ಮಾಸ್ಟ್ರು ಬಂದು ಜಗಲಿಯಲ್ಲಿ ಕುಳಿತರು. ಸಂಜೆಯವರೆಗೆ ಕುಳಿತಿದ್ದರು. ನೀರು ಸೇದಿ ಕೊಟ್ಟರು, ತಮ್ಮನನ್ನು ಮಡಿಲಲ್ಲಿ ಕೂರಿಸಿಕೊಂಡರು. ಲಾಜರನ ಹೆಸರು ಎತ್ತಲಿಲ್ಲ.

ಎತ್ತಿದ್ದು ನಾನು. ಅಕ್ಟೋಬರದಲ್ಲಿ ಒಂದು ಭಾನುವಾರ, ಪಾಠ ಯಾವುದೋ ನಡೆಯುತ್ತಿದ್ದಾಗ ಎದ್ದು ನಿಂತು ಕೇಳಿದೆ: “ಬೇಕೂಂತಲೇ ತಡ ಮಾಡಿದ್ದು ಅಂತ ನೀವೇ ಹೇಳಿದ್ದು. ನಮ್ಮ ಅಪ್ಪನಿಗೂ ಹಾಗೆಯಾ? ಆದ್ರೆ ಅಪ್ಪ ಎದ್ದು ಬರಲಿಲ್ವಲ್ಲ.”

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತುಳುವಿನಲ್ಲಿ ಹೇಳಿದರು: ಮಾರ್ಥ ಕೇಳಿದ್ದೂ ಅದನ್ನೇ. ಮರಿಯ ಕೇಳಿದ್ದೂ ಅದನ್ನೇ. ನೀನು ಇಲ್ಲಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಇಬ್ಬರೂ ಮುಖಕ್ಕೇ ಹೇಳಿದರು. ಇಬ್ಬರಿಗೂ ಗದರಿಕೆ ಬೀಳಲಿಲ್ಲ. ನೀನೂ ಕೇಳು. ನನಗೆ ಉತ್ತರ ಗೊತ್ತಿಲ್ಲ. ಜೇಬಿನ ಪುಸ್ತಕ ತೆಗೆದು ಬರೆದುಕೊಂಡರು. ಬರುವ ವಾರ ಎಂದು ಮಾತ್ರ ಹೇಳಲಿಲ್ಲ.

ಮುಂದಿನ ಭಾನುವಾರದಿಂದ ನಾನು ಹೋಗಲಿಲ್ಲ. ಹತ್ತಿರ ಹತ್ತಿರ ಒಂದು ವರ್ಷ. ಅವರು ಕರೆಯಲು ಮನೆಗೆ ಬರಲಿಲ್ಲ, ಅಮ್ಮನ ಹತ್ತಿರ ದೂರು ಹೇಳಲಿಲ್ಲ, ಸಭಾಪಾಲಕರ ಕಿವಿಗೆ ಹಾಕಲೂ ಇಲ್ಲ. ತಮ್ಮ ಮಾತ್ರ ಪ್ರತಿ ವಾರ ಒಂದು ಚೀಟಿ ತರುತ್ತಿದ್ದ. ಹಳೆಯ ಪ್ರೂಫ್ ಕಾಗದ ಹರಿದು, ಅದರ ಹಿಂಬದಿಯಲ್ಲಿ ಆ ವಾರದ ಪಾಠದ ಅಧ್ಯಾಯ ಮತ್ತು ವಚನದ ಸಂಖ್ಯೆ. ಬೇರೆ ಒಂದಕ್ಷರ ಇರುತ್ತಿರಲಿಲ್ಲ. ಮೊದಮೊದಲು ಬಚ್ಚಲೊಲೆಗೆ ಹಾಕಿದೆ. ಆಮೇಲೆ ಯಾವಾಗಲೋ ಪುಸ್ತಕ ತೆರೆದು ನೋಡತೊಡಗಿದೆ. 1977ರ ಕೊನೆಗೆ ವಾಪಸು ಹೋಗಿ ಬೆಂಚಿನಲ್ಲಿ ಕುಳಿತಾಗ ಅವರು ಓದುವ ಸರದಿಯನ್ನು ನನ್ನವರೆಗೆ ತಂದರು, ನಾನು ಓದಿದೆ, ಸರದಿ ಮುಂದೆ ಹೋಯಿತು.

ಇನ್ನೊಂದು ಪ್ರಶ್ನೆಯನ್ನೂ ಹೇಳಬೇಕು. ಕನ್ಫರ್ಮೇಶನ್ನಿನ ಪಾಠದ ವರ್ಷ, 1978ರಲ್ಲಿ, ಹೆಂಗಸರು ಯಾಕೆ ಅಯ್ಯನವರಾಗುವುದಿಲ್ಲ ಎಂದು ಕೇಳಿದ್ದೆ. ಪುಸ್ತಕದಲ್ಲಿ ಬರೆದುಕೊಂಡು ನಾಲ್ಕು ವಾರ ತೆಗೆದುಕೊಂಡರು. ಆಮೇಲೆ ಯೋಹಾನನ 20ನೇ ಅಧ್ಯಾಯ ಓದಿಸಿ, “ಎದ್ದು ಬಂದ ಸುದ್ದಿ ಮೊದಲು ಯಾರ ಹತ್ತಿರ ಹೇಳಿಕಳಿಸಿದ್ದು?” ಎಂದರು. ಮಗ್ದಲದ ಮರಿಯಳ ಹತ್ತಿರ. “ಹಾಗಾದ್ರೆ ಇದು ಇಷ್ಟು ಕಾಲ ನಡೆದು ಬಂದದ್ದು, ಅಷ್ಟೆ. ನಡೆದು ಬಂದದ್ದು ಬೇರೆ, ಬರೆದದ್ದು ಬೇರೆ” ಎಂದರು. ಆ ಮಾತಿಗೆ ಸಭೆಯ ಹಿರಿಯರಲ್ಲಿ ಕೆಲವರು ಅಸಮಾಧಾನಪಟ್ಟರು ಎಂದು ಅಮ್ಮ ಆಮೇಲೆ ಹೇಳಿದರು. 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಬಿಷಪ್ ಆದ ಸುದ್ದಿ ಪತ್ರಿಕೆಯಲ್ಲಿ ಓದಿದಾಗ ಮಾಸ್ಟ್ರು ತೀರಿಕೊಂಡು ಇಪ್ಪತ್ತನಾಲ್ಕು ವರ್ಷವಾಗಿತ್ತು.

ಅವರ ಪಾಠ ಎಲ್ಲರಿಗೂ ಹಿಡಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ಬೇರೆ ಸಭೆಗಳ ಮಕ್ಕಳು ಹತ್ತು ಆಜ್ಞೆ, ವಿಶ್ವಾಸಪ್ರಮಾಣ, ಪ್ರಶ್ನೋತ್ತರ ಎಲ್ಲ ನಿರರ್ಗಳ ಒಪ್ಪಿಸುವಾಗ ನಾವು ಒಂದು ಅಧ್ಯಾಯದಲ್ಲೇ ತಿಣುಕುತ್ತಿದ್ದೆವು. ವಾರ್ಷಿಕ ಸ್ಪರ್ಧೆಗಳಲ್ಲಿ ನಮಗೆ ಬಹುಮಾನ ಬಂದದ್ದಿಲ್ಲ. ತಂದೆತಾಯಿಗಳಿಗೆ ಅದು ಬೇಸರದ ವಿಷಯವೇ. ಹದಿನಾಲ್ಕು ಮಂದಿಯಲ್ಲಿ ನಾಲ್ವರು ಮುಂದೆ ಗಿಟಾರು, ಡ್ರಮ್ಮು ಇರುವ ಪ್ರಾರ್ಥನಾ ಕೂಟಗಳಿಗೆ ಸೇರಿಕೊಂಡರು, ಇಬ್ಬರು ದುಬಾಯಿಯಲ್ಲಿದ್ದಾರೆ, ಒಬ್ಬ ಚರ್ಚಿನ ಕಡೆ ತಲೆ ಹಾಕುವುದಿಲ್ಲ. ಅವರಲ್ಲಿ ಒಬ್ಬಳು ಈಚೆಗೆ ಫೋನಿನಲ್ಲಿ, “ಆ ಮಾಸ್ಟ್ರ ಕ್ಲಾಸಿನಲ್ಲಿ ನನಗೆ ನಿದ್ದೆ ಬರ್ತಿತ್ತು ಮಾರಾಯ್ತಿ” ಎಂದಳು. ನಿಜ ಇರಬೇಕು. ಅವಳಿಗೆ ಬೇರೆ ಯಾರಾದರೂ ಕಲಿಸಬೇಕಿತ್ತು.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಕಲಿಸಿ ನಿವೃತ್ತಳಾದ ಮೇಲೆ ಭಾನುವಾರದ ತರಗತಿ ತೆಗೆದುಕೊಳ್ಳುತ್ತಿದ್ದೇನೆ. ಊರು ಬದಲಾಗಿದೆ. 1865ರಲ್ಲಿ ಪ್ಲೆಬ್ಸ್ಟರು ನೇತ್ರಾವತಿಯ ಬದಿಯಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆಯನ್ನು ನೋಡಿ ಎಷ್ಟೋ ಕಾರ್ಖಾನೆಗಳು ಎದ್ದಿದ್ದವು. ಈಗ ಹೆಚ್ಚಿನವು ಮುಚ್ಚಿವೆ, ಚಿಮಣಿ ಇದ್ದಲ್ಲಿ ಅಪಾರ್ಟ್‌ಮೆಂಟು. ಮಾಸ್ಟ್ರ ಮನೆಯೂ ಉಳಿದಿಲ್ಲ. ಅವರ ಪ್ರಶ್ನೆಯ ಪುಸ್ತಕಗಳು ಏನಾದವೋ, ವಿಚಾರಿಸುವ ಹೊತ್ತಿಗೆ ಹೇಳುವವರು ಇರಲಿಲ್ಲ.

ನನ್ನ ತರಗತಿಯ ಒಂಬತ್ತು ಮಕ್ಕಳಿಗೂ ಮೊಬೈಲಿನಲ್ಲಿ ಬೈಬಲ್ ಇದೆ. ವಚನ ಹೇಳಿ ಬಾಯಿ ಮುಚ್ಚುವ ಮೊದಲೇ ತೆರೆದಿರುತ್ತಾರೆ. ಕನ್ನಡ, ಇಂಗ್ಲಿಷು, ಬೇಕಾದರೆ ಓದಿ ಹೇಳುವ ದನಿಯೂ ಉಂಟು. ಇದನ್ನು ನಾನು ದೂರುವುದಿಲ್ಲ. ನಮ್ಮ ಕಾಲದಲ್ಲಿ ಮನೆಗೊಂದು ಪುಸ್ತಕ, ಅದೂ ಅಜ್ಜಿಯ ತಲೆದಿಂಬಿನ ಹತ್ತಿರ. ಆದರೆ ಒಂದನ್ನು ಗಮನಿಸಿದೆ. ಈ ಮಕ್ಕಳೆಲ್ಲ ಇಂಗ್ಲಿಷ್ ಮಾಧ್ಯಮದವರು. ಇಂಗ್ಲಿಷಿನಲ್ಲಿ ಓದಿದರೆ ರೈಲು ಹೋದ ಹಾಗೆ, ಓದಿ ಮುಗಿಸಿ ನನ್ನ ಮುಖ ನೋಡುತ್ತಾರೆ. ಕನ್ನಡದಲ್ಲಿ ಓದಿಸಿದರೆ ಒಂದೊಂದು ಅಕ್ಷರಕ್ಕೂ ನಿಲ್ಲುತ್ತಾರೆ. ಒತ್ತಕ್ಷರ ಬಂದರೆ ಬೆರಳಿಡುತ್ತಾರೆ. ಮೊದಲ ವರ್ಷ ನನಗೆ ಇದು ಕಷ್ಟವಾಗಿ ಕಂಡಿತು, ನಾನೇ ಪದ ಹೇಳಿಕೊಟ್ಟು ಮುಂದೆ ದಾಟಿಸುತ್ತಿದ್ದೆ. ಒಮ್ಮೆ ಒಬ್ಬ ಹುಡುಗ ಹಾಗೆ ತಡವರಿಸಿ ಓದುತ್ತ ಅರ್ಧಕ್ಕೆ ನಿಂತು, “ಟೀಚರ್, ನಾಲ್ಕು ದಿನ ಅಂತ ಎರಡು ಸಲ ಯಾಕೆ ಬರೆದಿದ್ದಾರೆ?” ಎಂದ. ಹೌದು, ಎರಡು ಸಲ ಇದೆ. ಯೇಸು ಬಂದಾಗ ಒಮ್ಮೆ, ವಾಸನೆ ಬರುತ್ತದೆ ಎಂದು ಮಾರ್ಥ ಹೇಳುವಾಗ ಇನ್ನೊಮ್ಮೆ. ಅಷ್ಟು ವರ್ಷ ಓದಿದ ನಾನು ಅದನ್ನು ಎಣಿಸಿರಲಿಲ್ಲ. ಅರ್ಥ ಮೊದಲೇ ಬಂದುಬಿಟ್ಟಿತ್ತು. ಅಂದಿನಿಂದ ಕನ್ನಡದಲ್ಲೇ ಓದಿಸುತ್ತೇನೆ, ಪದ ಹೇಳಿಕೊಡುವುದನ್ನು ಬಿಟ್ಟಿದ್ದೇನೆ.

ಕಾಯುವುದು ಮಾತ್ರ ಇನ್ನೂ ಕಲಿಯುತ್ತಿದ್ದೇನೆ. ನಲವತ್ತು ನಿಮಿಷದ ಪೀರಿಯಡ್ಡು, ಮುಗಿಸಬೇಕಾದ ಪಾಠ, ಮಾರ್ಚಿನ ಪರೀಕ್ಷೆ ಎಂದು ಬದುಕಿದವರಿಗೆ ಉತ್ತರ ತಡವಾದರೆ ಬಾಯಿ ತಾನಾಗಿ ತೆರೆಯುತ್ತದೆ. ಪ್ರಶ್ನೆ ಕೇಳಿ ಗೋಡೆಯ ಗಡಿಯಾರ ನೋಡುತ್ತೇನೆ. ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವುದು ಬಹಳ ದೀರ್ಘ.

ಮಾಸ್ಟ್ರು ಕೊನೆಯ ಸಲ ನಮ್ಮ ಮನೆಗೆ ಬಂದದ್ದು 1981ರ ಡಿಸೆಂಬರದಲ್ಲಿ. ನಾನು ಕಾಲೇಜಿಗೆ ಹೋಗುತ್ತಿದ್ದೆ. ನಡೆದೇ ಬಂದಿದ್ದರು, ಎಪ್ಪತ್ತು ದಾಟಿತ್ತು. ಅಮ್ಮ ಬೆಲ್ಲ ನೀರು ಕೊಟ್ಟರು. ಕುಡಿದು, ಲೋಟ ಕೆಳಗಿಟ್ಟು, “ನಿನ್ನ ಹತ್ತಿರ ಒಂದು ಮಾತು ಉಂಟು” ಎಂದರು. ಜೇಬಿನಿಂದ ಪುಸ್ತಕ ತೆಗೆದರು, ಅದು 1976ರದ್ದು, ಅಂಚು ಮುರುಟಿತ್ತು.

“ಲಾಜರನ ಪಾಠದಲ್ಲಿ, ತಡ ಯಾಕೆ ಮಾಡಿದ್ದು ಅಂತ ನೀನು ಕೇಳಿದಿ. ಮಹಿಮೆಗೆ ಅಂತ ನಾನು ಹೇಳಿದೆ. ಅಂದು ಅವಸರದಲ್ಲಿ ಹೇಳಿದ್ದು. ನಾನೇ ಕೇಳಿಸುವ ಮೂರು ಪ್ರಶ್ನೆಯನ್ನು ನಾನು ಕೇಳಿಕೊಳ್ಳಲಿಲ್ಲ.” ಅಮ್ಮನ ಬೈಬಲ್ ತೆಗೆಸಿ, 15ನೇ ವಚನ ಓದಲು ಹೇಳಿದರು. ತಾನು ಅಲ್ಲಿ ಇಲ್ಲದೆ ಹೋದದ್ದು ಒಳ್ಳೆಯದೇ ಆಯಿತು, ನಿಮಗೆ ನಂಬಿಕೆ ಹುಟ್ಟಲಿಕ್ಕೆ, ಎಂಬ ಅರ್ಥದ ಮಾತು ಅದು. ಓದಿದೆ.

“ಯಾರಿಗೆ ಹೇಳಿದ್ದು?”

“ಶಿಷ್ಯರಿಗೆ.”

“ಎಲ್ಲಿ?”

“ಹೊರಡುವ ಮೊದಲು. ಇನ್ನೂ ಬೇಥಾನ್ಯಕ್ಕೆ ಬಂದಿಲ್ಲ.”

“ಹೌದಾ. ಅಳುವವರ ಮನೆ ಬಾಗಿಲಿಗೆ ಬಂದ ಮೇಲೆ ಆ ಮಾತು ಹೇಳಿದ್ದುಂಟಾ, ನೋಡು. ಇಲ್ಲ. ಮಾರ್ಥನ ಹತ್ತಿರ ಬೇರೆ ಮಾತು. ಮರಿಯಳ ಹತ್ತಿರ ಮಾತೇ ಇಲ್ಲ, ಎಲ್ಲಿ ಇಟ್ಟಿದ್ದೀರಿ ಅಂತ ಕೇಳಿದ್ದು, ಅತ್ತದ್ದು, ಅಷ್ಟೆ. ದಾರಿಯಲ್ಲಿ ಹೇಳುವ ಮಾತನ್ನು ನಾನು ನಿನಗೆ ಮನೆಯಲ್ಲಿ ಹೇಳಿದ ಹಾಗಾಯ್ತು. ಆಗ ನಿಮ್ಮಪ್ಪ ಇದ್ದರು, ನಿಜ. ಆದ್ರೆ ನೀನು ಅದನ್ನು ಇಟ್ಟುಕೊಂಡಿ.”

ಯಾಕೆ ತಡವಾಯಿತು ಎಂಬುದಕ್ಕೆ ಉತ್ತರ ತಂದಿದ್ದೀರಾ ಎಂದು ಕೇಳಿದೆ. ಇಲ್ಲ ಎಂದರು. ಅಚ್ಚಾದ ಪುಸ್ತಕದಲ್ಲಿ ತಪ್ಪು ಕಂಡರೆ ಮತ್ತೆ ಅಚ್ಚು ಹಾಕಲಾಗುವುದಿಲ್ಲ, ಕೊನೆಗೆ ಒಂದು ಒಪ್ಪೋಲೆ ಸೇರಿಸುತ್ತಾರೆ, ಪುಟ ಇಷ್ಟು, ಸಾಲು ಇಷ್ಟು, ತಪ್ಪು ಇದು, ಒಪ್ಪು ಇದು ಎಂದು. ಅಷ್ಟಕ್ಕೆ ಬಂದೆ ಎಂದರು. ಪುಸ್ತಕ ತೆರೆದು ಆ ಪುಟದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ನನ್ನ ಪ್ರಶ್ನೆಯ ಮೇಲಲ್ಲ, ಅದರ ಕೆಳಗೆ ಬರೆದಿದ್ದ ತಮ್ಮ ಉತ್ತರದ ಮೇಲೆ.